ಏರ್‌ಗನ್ನಿನ ಹೋಸ್: ತೆಳ್ಳಗಿದ್ದಷ್ಟೂ ಒಳ್ಳೆಯದು

ವೆಂಬ್ಲಿಯಲ್ಲಿರುವ ಓದುಗರೊಬ್ಬರು ಕೇಳಿದ್ದಾರೆ: "ಡೈವಿಂಗ್ ಸಿಲಿಂಡರಿನಿಂದ ಏರ್‌ಗನ್ನಿಗೆ ಗಾಳಿ ತುಂಬಲು ಹೋಸ್ ಬೇಕಿತ್ತು. ಅಂಗಡಿಯವರು ಕೊಟ್ಟಿದ್ದು ಪೆನ್ಸಿಲಿಗಿಂತ ತೆಳ್ಳಗಿದೆ. ದಪ್ಪನೆಯದನ್ನು ಕೊಂಡರೆ ಕ್ಷೇಮವಲ್ಲವೇ?"

ಅಲ್ಲ! ಈ ಪ್ರಶ್ನೆ ನನಗೆ ಬಹಳ ಇಷ್ಟವಾಗಿದ್ದೇ ಅದಕ್ಕೆ.

2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಅಂಥ ಪಿಸ್ತೂಲಿನಲ್ಲಿ ಗುಂಡನ್ನು ತಳ್ಳುವುದು ಮೊದಲೇ ಒತ್ತಿ ತುಂಬಿಟ್ಟ ಗಾಳಿ. ಕಾರಿನ ಟೈರಿನಲ್ಲಿ ಎರಡೂವರೆ ಬಾರ್ ಆಸುಪಾಸು ಒತ್ತಡವಿದ್ದರೆ, ಇಲ್ಲಿ 200 ಬಾರ್.

ಈಗ ಲೆಕ್ಕ ನೋಡಿ. ಹೋಸಿನ ಒಳತೂತು 2 ಮಿ.ಮೀ. ಇದ್ದರೆ, 200 ಬಾರಿನ ಗಾಳಿ ಅದರ ತುದಿಯನ್ನು ತಳ್ಳುವುದು ಸುಮಾರು ಆರೂವರೆ ಕಿಲೋ ಭಾರದಷ್ಟು ಬಲದಿಂದ. ತೂತು 6 ಮಿ.ಮೀ. ಆದರೆ? ಹತ್ತಿರ ಹತ್ತಿರ 58 ಕಿಲೋ! ಅಗಲ ಮೂರು ಪಟ್ಟು, ಬಲ ಒಂಬತ್ತು ಪಟ್ಟು. ಕೀಲು ಕಳಚಿಕೊಂಡ ಹೋಸ್ ಚಾವಟಿಯಂತೆ ಬೀಸುವಾಗ ಕಣ್ಣು ಮೂಳೆ ಉಳಿಯುವುದು ಈ ವ್ಯತ್ಯಾಸದಿಂದಲೇ. ಗಾಳಿಯೂ ಉಳಿತಾಯ. ಒಂದು ಮೀಟರ್ ಉದ್ದದ ತೆಳು ಹೋಸಿನೊಳಗೆ ಸಿಕ್ಕಿಕೊಳ್ಳುವ ಗಾಳಿ ಹೊರಬಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು. ದಪ್ಪದ್ದರಲ್ಲಿ ಐದೂವರೆ ಲೀಟರ್ ಮೀರುತ್ತದೆ. ತುಂಬಿದ ಮೇಲೆ ಹೋಸಿನ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿದಾಗ 'ಚುಸ್' ಎಂದು ಹಾರಿಹೋಗುವುದು ಅದೇ ಗಾಳಿ.

ತೆಳು ಹೋಸಿನಲ್ಲಿ ತುಂಬುವುದು ನಿಧಾನ ಎನ್ನುತ್ತಾರೆ. ಆಗಲಿ! ಅವಸರದಲ್ಲಿ ತುಂಬಿದರೆ ಗಾಳಿ ಬಿಸಿಯಾಗುತ್ತದೆ, ಬಂದೂಕಿನ ಸಿಲಿಂಡರ್ ಮುಟ್ಟಿದರೆ ಬೆಚ್ಚಗಿರುತ್ತದೆ. ಆರಿದ ಮೇಲೆ ಒತ್ತಡಮಾಪಕದ ಮುಳ್ಳು ಇಳಿದಿರುತ್ತದೆ.

ಹೋಸ್ ಕೊಳ್ಳುವಾಗ ಅದರ ಮೈಮೇಲೆ ಅಚ್ಚಾದ ಅಂಕಿಯನ್ನು ಓದಿ. ಬೇಕಾದದ್ದು ಕೆಲಸದ ಒತ್ತಡದ ಅಂಕಿ, ಸಿಡಿಯುವ ಒತ್ತಡದ್ದಲ್ಲ. ಬಂದೂಕು 200 ಬಾರಿನದಾದರೂ ಸಿಲಿಂಡರ್ 300 ಬಾರಿನದಾಗಿದ್ದರೆ ಹೋಸೂ 300 ತಾಳಬೇಕು. ಬಂದೂಕಿನ ವಾಲ್ವ್ ಅಂಟಿಕೊಂಡಿದ್ದರೆ ಸಿಲಿಂಡರಿನ ಪೂರ್ತಿ ಒತ್ತಡ ಹೋಸಿನ ಮೇಲೇ ಬೀಳುತ್ತದೆ.

ಉಕ್ಕಿನ ಹೆಣಿಗೆ ಕಂಡ ಕೂಡಲೇ ಗಟ್ಟಿ ಎಂದು ನಂಬುವ ಅಭ್ಯಾಸವನ್ನಂತೂ ದಯವಿಟ್ಟು ಬಿಡಿ. ಅಡುಗೆಮನೆ ಸಿಂಕಿನ ಕೆಳಗಿನ ನಲ್ಲಿ ಪೈಪಿಗೂ ಅಂಥದೇ ಹೆಣಿಗೆ ಇರುತ್ತದೆ. ಅದನ್ನು ಮಾಡಿರುವುದು ಹತ್ತು ಬಾರ್ ಆಸುಪಾಸಿನ ನೀರಿಗೆ. ಮಡಿಕೆ ಬಿದ್ದ, ಉಬ್ಬಿದ, ಹೆಣಿಗೆ ಕಿತ್ತ ಹೋಸನ್ನು ಟೇಪು ಸುತ್ತಿ ಬಳಸುವುದು ಶುದ್ಧ ಹುಚ್ಚು.

ಇನ್ನೊಂದು ಮಾತು. ಕೀಲಿನ ಓ-ರಿಂಗ್ ಎಂಬ ರಬ್ಬರ್ ಬಳೆಗೆ ಸಿಲಿಕೋನ್ ಗ್ರೀಸ್ ಮಾತ್ರ ಸವರಿ, ಅದೂ ತೆಳುವಾಗಿ. ಹೊಲಿಗೆ ಯಂತ್ರದ ಎಣ್ಣೆ ಬೇಡ. ಸಿಲಿಂಡರಿನ ವಾಲ್ವನ್ನು ಥಟ್ಟನೆ ತಿರುಗಿಸಿದರೆ ನುಗ್ಗಿ ಬರುವ ಗಾಳಿ ಒತ್ತಡಕ್ಕೆ ಸಿಕ್ಕು ಕಾದು, ಕಿಡಿಯೇ ಇಲ್ಲದೆ ಎಣ್ಣೆಗೆ ಬೆಂಕಿ ಹತ್ತಿಸಬಲ್ಲದು. ವಾಲ್ವನ್ನು ಕೂದಲೆಳೆಯಷ್ಟೇ ತೆರೆದು, ಮುಳ್ಳು ಏರುವುದನ್ನು ನೋಡುತ್ತ ತುಂಬಿ.