ಕಲ್ಯಾಣದಲ್ಲಿ ಅದೃಶ್ಯ, ವಾಶಿಯಲ್ಲಿ ಪ್ರತ್ಯಕ್ಷ?

ಕಲ್ಯಾಣ, ಡೊಂಬಿವಲಿಗಳಿಂದ ಬೆಳಗಿನ ಲೋಕಲ್ಲಿನ ಬಾಗಿಲಿಗೆ ಜೋತುಬಿದ್ದು ಠಾಣೆಗೂ, ಅಲ್ಲಿ ಗಾಡಿ ಬದಲಿಸಿ ವಾಶಿಗೂ ಹೋಗತಕ್ಕ ನಮ್ಮವರು, ಟೆಲಿಪೋರ್ಟೇಶನ್ ಸಾಧಿತವಾಯಿತೆಂಬ ಪತ್ರಿಕಾವಾರ್ತೆಯನ್ನೋದಿ, ಮೊಮ್ಮಕ್ಕಳ ಕಾಲಕ್ಕಾದರೂ ಈ ನೂಕುನುಗ್ಗಲು ತಪ್ಪೀತೆಂದು ಹಾರೈಸುವುದು ಸಹಜವೇ. ವಾರ್ತೆಯು ನಿಜವೇ ಆದರೂ ಅದರ ಮೇಲೆ ಕಟ್ಟಿದ ಕಲ್ಪನೆಗಳು ಬಹುಮಟ್ಟಿಗೆ ನಿರಾಧಾರವಾದುವು.

ವಸ್ತುವೇ ಇಲ್ಲಿ ಕರಗಿ ಅಲ್ಲಿ ಮೂಡುವುದೆಂಬುದು ಮೊದಲನೆಯ ಭ್ರಮೆ. 1993ರಲ್ಲಿ ಚಾರ್ಲ್ಸ್ ಬೆನೆಟ್ ಮತ್ತು ಅವರ ಐವರು ಸಂಗಡಿಗರು ಪ್ರತಿಪಾದಿಸಿ, 1997ರಲ್ಲಿ ಇನ್ಸ್‌ಬ್ರುಕ್ಕಿನ ಆಂಟನ್ ಜೈಲಿಂಗರರ ತಂಡವು ಬೆಳಕಿನ ಕಣಗಳಲ್ಲಿ ಪ್ರಯೋಗಿಸಿ ತೋರಿಸಿದ ಈ ವಿದ್ಯೆಯಲ್ಲಿ ಸ್ಥಳಾಂತರ ಹೊಂದುವುದು ಕಣದ ಕ್ವಾಂಟಂ ಸ್ಥಿತಿಯೊಂದೇ. ಆ ಸ್ಥಿತಿಯನ್ನು ಧರಿಸಲು ಅತ್ತ ಕಡೆ ಇನ್ನೊಂದು ಕಣವು, ಇತ್ತಣ ಜೊತೆಗಣದೊಡನೆ ಮೊದಲೇ ಹೆಣೆದುಕೊಂಡು, ಕಾದಿರಬೇಕು. ಶಂಕರರು ಅಮರುಕನ ಕಳೇಬರವನ್ನು ಹೊಕ್ಕ ಪರಕಾಯಪ್ರವೇಶದ ಕಥೆಗೆ ಇದು ಸಮೀಪವೆಂದು ತೋರಬಹುದು. ಆದಕಾರಣ ಪೂರ್ವಿಕರು ಇದನ್ನೆಲ್ಲ ಬಲ್ಲವರಾಗಿದ್ದರೆಂದು ಉಬ್ಬುವವರ ಮಾತಿಗೆ ಮಾತ್ರ ನಾನು ಬೆಲೆ ಕೊಡಲಾರೆ.

ಮೂಲವು ಇಲ್ಲಿಯೇ ಉಳಿದು ಅದರ ನಕಲೊಂದು ಅಲ್ಲಿ ಹುಟ್ಟುವುದೆಂಬ ನಂಬಿಕೆಯೂ ಸಲ್ಲದು. ಅಜ್ಞಾತ ಕ್ವಾಂಟಂ ಸ್ಥಿತಿಯನ್ನು ಯಥಾವತ್ತಾಗಿ ನಕಲು ಮಾಡಲಾಗದೆಂದು 1982ರಲ್ಲಿಯೇ ಸಿದ್ಧವಾಗಿದ್ದಿತು. ಅಳತೆಗೆ ಒಳಪಟ್ಟ ಮೂಲಕಣವು ತನ್ನ ಸ್ಥಿತಿಯನ್ನು ಕಳೆದುಕೊಂಡ ಮೇಲೆಯೇ ಅತ್ತಣದಕ್ಕೆ ಅದು ಲಭಿಸುವುದು. ಇದರ ಮಗ್ಗುಲಿನ ಇನ್ನೊಂದು ಸಿದ್ಧಾಂತ—ಅಂಥ ಸ್ಥಿತಿಯ ಎರಡು ಪ್ರತಿಗಳಿದ್ದರೂ ಒಂದನ್ನು ಅಳಿಸಿಹಾಕಲು ಬಾರದೆಂಬುದು—2000ದಲ್ಲಿ ಪ್ರಕಟವಾಯಿತು. ಅದನ್ನು ಸ್ಯಾಮ್ಯುಯೆಲ್ ಬ್ರೌನ್‌ಸ್ಟೀನರೊಡನೆ ನಿರೂಪಿಸಿದ ಅರುಣ್ ಪತಿಯವರು, ವಾಶಿಯೆದುರು ಖಾರಿಯ ಆಚೆದಡದಲ್ಲಿರುವ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಆಗ ಇದ್ದವರೆಂಬುದನ್ನು ನೆರೆಯ ನವಿಮುಂಬಯಿಯಲ್ಲಿ ಎಷ್ಟು ಮಂದಿ ಬಲ್ಲರೋ!

ಕ್ಷಣಾರ್ಧದಲ್ಲಿ, ಬೆಳಕನ್ನೂ ಮೀರಿ, ಎಂಬ ಮಾತೂ ಹುಸಿ. ಇಲ್ಲಿಯ ಅಳತೆಯ ಫಲವನ್ನು, ಬೆಳಕನ್ನು ಮೀರಲಾರದ ಸಾಮಾನ್ಯ ಸಂದೇಶವಾಗಿ ಕಳುಹಿದಲ್ಲದೆ ಅಲ್ಲಿ ಸ್ಥಿತಿಯು ಸರಿಯಾಗದು.

ಇನ್ನು ಮನುಷ್ಯನ ಮಾತು. 70 ಕಿಲೋ ತೂಕದ ದೇಹದಲ್ಲಿರುವ ಪರಮಾಣುಗಳನ್ನೆಣಿಸಲು ಏಳರ ಮುಂದೆ 27 ಸೊನ್ನೆಗಳನ್ನಿಡಬೇಕು. ಒಂದೇ ಒಂದು ಪರಮಾಣುವಿನ ಸ್ಥಿತಿಯನ್ನು ಕಳುಹಲು 2004ರವರೆಗೆ ಕಾಯಬೇಕಾಯಿತು. ನಿಸರ್ಗನಿಯಮವು ಮನುಷ್ಯನ ಇಂಥ ಸ್ಥಳಾಂತರವನ್ನು ನಿಷೇಧಿಸಿಲ್ಲವೆಂಬ ಸಮಾಧಾನವನ್ನು, ಬೇಕೆಂದವರು ಇಟ್ಟುಕೊಳ್ಳಬಹುದು. ವಿದ್ಯೆಯಾದರೋ ಬೆಳೆಯುತ್ತಲಿದೆ: 2017ರಲ್ಲಿ ಚೀನದ ಉಪಗ್ರಹವು 1400 ಕಿ.ಮೀ. ವರೆಗೆ ಸಾಧಿಸಿತು, 2024ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದವರು ಇಂಟರ್ನೆಟ್ ಹರಿಯುತ್ತಿದ್ದ 30 ಕಿ.ಮೀ. ಉದ್ದದ ಗಾಜಿನೆಳೆಯಲ್ಲಿಯೇ—1853ರಲ್ಲಿ ಬೋರಿಬಂದರದಿಂದ ಠಾಣೆಗೆ ಮೊದಲ ರೈಲು ಓಡಿದ 34 ಕಿ.ಮೀ.ಗಿಂತ ತುಸುವೇ ಕಡಿಮೆ—ಇದನ್ನು ಮಾಡಿ ತೋರಿಸಿದರು. ಈ ವಿದ್ಯೆಯು ನಮ್ಮ ಸೀಮೆಗೆ ಬಂದಲ್ಲಿ, ಐರೋಲಿ, ಮಹಾಪೆಗಳ ನೆಲದಡಿಯ ಅಂಥ ಎಳೆಗಳಲ್ಲಿ, ಕ್ವಾಂಟಂ ಗಣಕಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸಕ್ಕೇ ಮೊದಲು ಬಂದೀತು.