ಮೂರನೇ ಜಂಪ್‌ಗೆ ಏಟು ಯಾಕೆ ಬೀಳುತ್ತದೆ?

ಫೈಟಿಂಗ್ ಗೇಮ್‌ನಲ್ಲಿ ಸೋತವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ‘ಅವನ ಕೈ ಸ್ಪೀಡ್ ಜಾಸ್ತಿ, ನನ್ನ ಕೈಲಿ ಆಗಲ್ಲ.’ ಇನ್ನು ಕೆಲವರು ಫೋನನ್ನು ದೂರುತ್ತಾರೆ, ಕೆಲವರು ಕಂಟ್ರೋಲರನ್ನು ದೂರುತ್ತಾರೆ. ಹೀಗೆ ಅಂದುಕೊಂಡು ಆಟವನ್ನೇ ಬಿಟ್ಟವರೂ ಇದ್ದಾರೆ. ಆದರೆ ಸೋತ ಪಂದ್ಯವನ್ನು ಮತ್ತೊಮ್ಮೆ ನಿಧಾನವಾಗಿ ನೋಡಿದರೆ ಕಾರಣ ಹೆಚ್ಚಾಗಿ ಬೇರೆಯೇ ಇರುತ್ತದೆ. ಮೊದಲ ಜಂಪ್‌ಗೆ ಏಟು ಎದುರಾಳಿಗೆ ಬಿದ್ದಿರುತ್ತದೆ. ಎರಡನೆಯದನ್ನು ಅವನು ಬ್ಲಾಕ್ ಮಾಡಿರುತ್ತಾನೆ. ಮೂರನೆಯದಕ್ಕೆ ಏಟು ನಮಗೇ ಬಿದ್ದಿರುತ್ತದೆ. ಈ ಮೂರೂ ಸಲ ನಮ್ಮ ಕೈಯ ವೇಗ ಒಂದೇ ಆಗಿತ್ತು. ಬದಲಾದದ್ದು ಎದುರಾಳಿಗೆ ನಮ್ಮ ಬಗ್ಗೆ ಗೊತ್ತಿದ್ದ ವಿಷಯ ಮಾತ್ರ.

ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ರ್ಯೂ ಪಾತ್ರವನ್ನೇ ತೆಗೆದುಕೊಳ್ಳೋಣ. ಕ್ಯಾಪ್‌ಕಾಮ್ ಕಂಪನಿ 1987ರಲ್ಲಿ ಹೊರತಂದ ಮೊದಲ ‘ಸ್ಟ್ರೀಟ್ ಫೈಟರ್’ನಿಂದ 2023ರ ‘ಸ್ಟ್ರೀಟ್ ಫೈಟರ್ 6’ರವರೆಗೆ ಈ ಪಾತ್ರ ಇದೆ. ಪಂದ್ಯ ಶುರುವಾದಾಗ ರ್ಯೂ ಮತ್ತು ಎದುರಾಳಿಯ ನಡುವೆ ಅಂತರ ಇರುತ್ತದೆ. ರ್ಯೂನ ದೊಡ್ಡ ಏಟುಗಳೆಲ್ಲ ಹತ್ತಿರದಿಂದ ಹೊಡೆಯುವಂಥವು. ಹಾಗಾಗಿ ಏಟು ಹೊಡೆಯುವುದಕ್ಕಿಂತ ಮೊದಲಿನ ಪ್ರಶ್ನೆ, ಈ ಅಂತರವನ್ನು ದಾಟುವುದು ಹೇಗೆ ಎಂಬುದು.

ಹತ್ತಿರ ಹೋಗಲು ಇರುವ ದಾರಿಗಳು

ರ್ಯೂಗೆ ಮುಖ್ಯವಾಗಿ ಐದು ದಾರಿಗಳಿವೆ.

ಒಂದು, ಜಂಪ್. ಕೆಳಗಿನ ಒದೆಗಳನ್ನೂ ನೆಲದ ಮೇಲೆ ಬರುವ ಬೆಂಕಿ ಚೆಂಡನ್ನೂ ದಾಟಿ ಹೋಗಬಹುದು. ತಗುಲಿದರೆ ಲಾಭ ದೊಡ್ಡದು. ಆದರೆ ಗಾಳಿಯಲ್ಲಿರುವಾಗ ಬ್ಲಾಕ್ ಮಾಡಲು ಆಗುವುದಿಲ್ಲ.

ಎರಡು, ನಡೆದುಕೊಂಡು ಹೋಗುವುದು. ಎರಡು ಹೆಜ್ಜೆ ಮುಂದೆ, ಒಂದು ಕ್ಷಣ ಬ್ಲಾಕ್, ಮತ್ತೆ ಒಂದು ಹೆಜ್ಜೆ. ಇದು ನಿಧಾನ, ಆದರೆ ಯಾವಾಗ ಬೇಕಾದರೂ ನಿಲ್ಲಬಹುದು. ಮುಂದೆ ಹೆಜ್ಜೆ ಇಡುತ್ತಿರುವ ಕ್ಷಣದಲ್ಲಿ ಮಾತ್ರ ಎದುರಾಳಿಯ ಉದ್ದದ ಒದೆ ತಾಗಬಹುದು.

ಮೂರು, ಡ್ಯಾಶ್. ಒಮ್ಮೆಲೇ ಮುಂದೆ ನುಗ್ಗುವುದು. ಎದುರಾಳಿ ಸುಮ್ಮನೆ ಬ್ಲಾಕ್ ಮಾಡಿ ಕೂತಿದ್ದರೆ ಡ್ಯಾಶ್ ಮಾಡಿ ಥ್ರೋ ಹಾಕಬಹುದು. ಆದರೆ ಒಮ್ಮೆ ನುಗ್ಗಿದ ಮೇಲೆ ನಡುವೆ ನಿಲ್ಲಲು ಬರುವುದಿಲ್ಲ.

ನಾಲ್ಕು, ಹಡೋಕೆನ್ ಬಿಟ್ಟು ಅದರ ಹಿಂದೆ ಹೋಗುವುದು. ಎದುರಾಳಿ ಬೆಂಕಿ ಚೆಂಡನ್ನು ತಡೆಯುತ್ತಿರುವಾಗ ನಾವು ಅಂತರ ಕಡಿಮೆ ಮಾಡುತ್ತೇವೆ. ಆದರೆ ಅದನ್ನು ಮೊದಲೇ ಊಹಿಸಿ ಅವನು ಹಾರಿದರೆ ನೇರ ನಮ್ಮ ತಲೆಯ ಮೇಲೆ ಬರುತ್ತಾನೆ.

ಐದು, ಹೋಗದೇ ಇರುವುದು. ಹೋಗುವವನಂತೆ ಒಂದು ಹೆಜ್ಜೆ ಇಟ್ಟು ಹಿಂದೆ ಸರಿದರೆ, ಎದುರಾಳಿಯ ಒದೆ ಗಾಳಿಗೆ ಹೋಗುತ್ತದೆ. ಅವನು ಕಾಲು ಹಿಂದಕ್ಕೆ ಎಳೆದುಕೊಳ್ಳುವ ಮೊದಲೇ ನಮ್ಮ ಏಟು ಬೀಳಬೇಕು. ಹೊಸದಾಗಿ ಆಡುವವರು ಇದನ್ನು ದಾರಿ ಎಂದೇ ಎಣಿಸುವುದಿಲ್ಲ. ಚೆನ್ನಾಗಿ ಆಡುವವರು ಇದನ್ನು ಪದೇ ಪದೇ ಬಳಸುತ್ತಾರೆ.

ಗಮನಿಸಿ: ಈ ಐದರಲ್ಲಿ ಯಾವುದೂ ಸೋಲದ ದಾರಿಯಲ್ಲ. ಪ್ರತಿಯೊಂದಕ್ಕೂ ಒಂದು ಉತ್ತರ ಇದ್ದೇ ಇದೆ. ‘ಯಾವುದು ಬೆಸ್ಟ್?’ ಎಂದು ಕೇಳಿದರೆ ಉತ್ತರ ಸಿಗದಿರುವುದು ಅದಕ್ಕೇ.

ಕಾಲು ಸೆಕೆಂಡಿನ ಲೆಕ್ಕ

ಈ ಆಟಗಳು ಸೆಕೆಂಡಿಗೆ 60 ಫ್ರೇಮ್‌ನಂತೆ ಓಡುತ್ತವೆ. ಕಣ್ಣು ಕಂಡದ್ದಕ್ಕೆ ಬೆರಳು ಒತ್ತಲು ಸಾಮಾನ್ಯ ಮನುಷ್ಯನಿಗೆ ಸುಮಾರು ಕಾಲು ಸೆಕೆಂಡ್, ಅಂದರೆ 15 ಫ್ರೇಮ್‌ನಷ್ಟು ಬೇಕು. ರ್ಯೂನ ಒಂದು ಜಂಪ್ ನೆಲ ಬಿಟ್ಟು ಮತ್ತೆ ನೆಲ ಮುಟ್ಟಲು ಹೆಚ್ಚುಕಡಿಮೆ ಮುಕ್ಕಾಲು ಸೆಕೆಂಡ್ ತೆಗೆದುಕೊಳ್ಳುತ್ತದೆ. ಹಾಗಿದ್ದರೆ ಪ್ರತಿ ಜಂಪನ್ನೂ ಎಲ್ಲರೂ ಹೊಡೆದು ಬೀಳಿಸಬೇಕಿತ್ತಲ್ಲ? ಮೊದಲನೆಯದು ಯಾಕೆ ತಗುಲಿತು?

ಆಗ ಎದುರಾಳಿಯ ಗಮನ ಬೇರೆಡೆ ಇತ್ತು. ಹಡೋಕೆನ್ ಬರಬಹುದೇ, ಡ್ಯಾಶ್ ಬರಬಹುದೇ ಎಂದು ಅವನು ನೋಡುತ್ತಿದ್ದ. ಕಾಲು ಸೆಕೆಂಡಿನ ಲೆಕ್ಕ ಒಂದೇ ವಿಷಯಕ್ಕೆ ಕಾಯುತ್ತಿರುವವನಿಗೆ ಮಾತ್ರ. ಕಾಯಬೇಕಾದ ವಿಷಯಗಳು ಎರಡು, ನಾಲ್ಕು ಎಂದು ಹೆಚ್ಚಾದಂತೆ ಉತ್ತರ ಕೊಡಲು ಹಿಡಿಯುವ ಸಮಯವೂ ಹೆಚ್ಚಾಗುತ್ತದೆ. ಬ್ರಿಟನ್ನಿನ ಮನೋವಿಜ್ಞಾನಿ ಹಿಕ್ 1952ರಲ್ಲಿ ಪ್ರಯೋಗ ಮಾಡಿ ಇದನ್ನು ತೋರಿಸಿದರು. ‘ಹಿಕ್ಸ್ ಲಾ’ ಎಂದು ಇಂದಿಗೂ ಓದಿಸುತ್ತಾರೆ. ಮೂರನೇ ಜಂಪ್‌ನ ಹೊತ್ತಿಗೆ ನಾವು ಎದುರಾಳಿಗೆ ‘ನಾನು ಹಾರುವವನು, ಬೇರೇನೂ ಮಾಡುವುದಿಲ್ಲ’ ಎಂದು ಹೇಳಿಬಿಟ್ಟಿರುತ್ತೇವೆ. ಅವನು ಬೆರಳನ್ನು ಶೋರ್ಯುಕೆನ್ ಮೇಲೆ ಇಟ್ಟುಕೊಂಡು ಮೇಲಕ್ಕೆ ನೋಡುತ್ತಾ ಕೂರುತ್ತಾನೆ. ಅವನ ಕೈ ಸ್ಪೀಡ್ ಆದದ್ದಲ್ಲ, ಅವನ ಕೆಲಸವನ್ನು ನಾವೇ ಹಗುರ ಮಾಡಿದ್ದೇವೆ.

ನಮ್ಮ ಕೋಟೆಯ ಕಿಂಡಿ

ಚಿತ್ರದುರ್ಗದವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಶಾಲೆಗಳಿಂದ ಪ್ರವಾಸಕ್ಕೆ ಬಂದವರೂ ಓಬವ್ವನ ಕಿಂಡಿಯ ಮುಂದೆ ನಿಂತೇ ಇರುತ್ತಾರೆ. ಹೈದರ್ ಅಲಿಯ ಸೈನ್ಯ ಕೋಟೆಯನ್ನು ಮುತ್ತಿದ್ದಾಗ ನಡೆದದ್ದೆಂದು ಹೇಳುವ ಆ ಕಥೆಯನ್ನು ಈಗ ಆಟದ ಕಣ್ಣಿನಿಂದ ನೋಡಿ. ಕಿಂಡಿ ಒಬ್ಬನೇ ನುಸುಳುವಷ್ಟು ಕಿರಿದು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ. ಓಬವ್ವನ ಕೈಯಲ್ಲಿ ಇದ್ದದ್ದು ಒಂದು ಒನಕೆ. ಎದುರಿಗೆ ಇದ್ದದ್ದು ತರಬೇತಿ ಪಡೆದ ಸೈನಿಕರು. ಆದರೂ ಒಬ್ಬೊಬ್ಬರಾಗಿ ಅದೇ ಕಿಂಡಿಯಲ್ಲಿ, ಅದೇ ರೀತಿ ತಲೆ ಮುಂದೆ ಮಾಡಿ ಬಂದಾಗ, ಅವಳಿಗೆ ಬೇಕಾಗಿದ್ದದ್ದು ಒಂದೇ ಉತ್ತರ. ಆ ಉತ್ತರ ಅವಳ ಬಳಿ ಇತ್ತು, ಅದನ್ನು ಕೊಡುವ ಧೈರ್ಯವೂ ಇತ್ತು. ಹಿಂದೆ ಬರುವವನಿಗೆ ಮುಂದೆ ಹೋದವನಿಗೆ ಏನಾಯಿತು ಎಂಬುದೇ ಗೊತ್ತಾಗಲಿಲ್ಲ.

ಫೈಟಿಂಗ್ ಗೇಮ್‌ನಲ್ಲಿ ನಮ್ಮ ಸ್ಥಿತಿ ಇದಕ್ಕಿಂತ ವಾಸಿ. ಮುಂದೆ ಹೋದವನಿಗೆ ಏನಾಯಿತು ಎಂಬುದನ್ನು ನಾವು ಕಣ್ಣಾರೆ ನೋಡಿರುತ್ತೇವೆ. ನೋಡಿಯೂ ಅದೇ ಕಿಂಡಿಯಲ್ಲಿ ತಲೆ ಹಾಕುವುದು ಅಭ್ಯಾಸಬಲದಿಂದ.

ಒಂದು ದಾರಿ ಇನ್ನೊಂದನ್ನು ಕಾಯುತ್ತದೆ

ದಾರಿ ಬದಲಿಸುವುದು ಎಂದರೆ ಕಂಡ ಬಟನ್ ಒತ್ತುವುದಲ್ಲ. ಒಂದು ದಾರಿಯನ್ನು ತಡೆಯಲು ಎದುರಾಳಿ ಮಾಡುವ ಕೆಲಸವೇ ಇನ್ನೊಂದು ದಾರಿಯನ್ನು ತೆರೆಯಬೇಕು. ಎರಡು ಹಡೋಕೆನ್ ನೋಡಿದವನು ಮೂರನೆಯದಕ್ಕೆ ಹಾರಲು ಸಿದ್ಧನಾಗುತ್ತಾನೆ. ಆಗ ಬಿಡದೆ ನಿಂತು, ಹಾರಿ ಬಂದವನಿಗೆ ಶೋರ್ಯುಕೆನ್ ಕೊಡಬೇಕು. ಅದನ್ನು ತಿಂದವನು ಹಾರಲು ಹೆದರುತ್ತಾನೆ, ಆಗ ಹಡೋಕೆನ್ ಮತ್ತೆ ಕೆಲಸ ಮಾಡುತ್ತದೆ. ಬ್ಲಾಕ್ ಮಾಡುತ್ತಾ ಕೂತವನ ಬಳಿ ನಡೆದು ಹೋಗಿ ಥ್ರೋ ಹಾಕಬೇಕು. ಥ್ರೋಗೆ ಹೆದರಿ ಒದೆಯಲು ಶುರು ಮಾಡಿದರೆ ಹಿಂದೆ ಸರಿದು ಹೊಡೆಯಬೇಕು. ಜಂಪ್‌ನಲ್ಲೂ ಹೀಗೆಯೇ. ಹಾರಿ ಹೊಡೆಯುವುದನ್ನು ನಿಂತೇ ಬ್ಲಾಕ್ ಮಾಡಬೇಕು. ಹಾಗೆ ನಿಂತವನ ಮುಂದೆ ಏನೂ ಹೊಡೆಯದೆ ಇಳಿದು ಕೆಳಗಿನ ಒದೆ ಕೊಟ್ಟರೆ ಅದು ತಗುಲುತ್ತದೆ. ಹಾರಿದ್ದು ಒಂದೇ ರೀತಿ, ಇಳಿದ ಮೇಲೆ ಎರಡು ದಾರಿ.

ಇದನ್ನು ಲೆಕ್ಕದಲ್ಲೂ ತೋರಿಸಬಹುದು. ಸುಲಭಕ್ಕೆ ಎರಡೇ ದಾರಿ ಇಟ್ಟುಕೊಳ್ಳೋಣ: ಜಂಪ್ ಮತ್ತು ನಡಿಗೆ. ಎದುರಾಳಿಗೂ ಎರಡೇ: ಮೇಲೆ ನೋಡುತ್ತಾ ಕಾಯುವುದು, ಅಥವಾ ಕೆಳಗೆ ಒದೆಯುವುದು. ಅಂಕಗಳು ಉದಾಹರಣೆಗೆ ಮಾತ್ರ. ಅವನು ಒದೆಯುವಾಗ ನಾವು ಹಾರಿದರೆ ನಮಗೆ 30 ಲಾಭ. ಮೇಲೆ ನೋಡುತ್ತಿರುವಾಗ ಹಾರಿದರೆ 10 ನಷ್ಟ. ಮೇಲೆ ನೋಡುತ್ತಿರುವಾಗ ನಡೆದು ಹೋಗಿ ಥ್ರೋ ಹಾಕಿದರೆ 10 ಲಾಭ. ಒದೆಯುವಾಗ ನಡೆದರೆ 10 ನಷ್ಟ.

ಯಾವಾಗಲೂ ಹಾರುವವನನ್ನು ಎದುರಾಳಿ ಮೇಲೆ ನೋಡುತ್ತಾ ಕಾಯುತ್ತಾನೆ: 6 ಸಲಕ್ಕೆ 60 ನಷ್ಟ. ಯಾವಾಗಲೂ ನಡೆಯುವವನಿಗೆ ಒದೆಯುತ್ತಾನೆ: 6 ಸಲಕ್ಕೆ ಮತ್ತೆ 60 ನಷ್ಟ. ಈಗ 6ರಲ್ಲಿ 2 ಸಲ ಹಾರಿ, 4 ಸಲ ನಡೆಯಿರಿ, ಯಾವಾಗ ಯಾವುದು ಎಂದು ತಿಳಿಯದಂತೆ. ಅವನು ಎಲ್ಲ ಸಲವೂ ಮೇಲೆ ನೋಡಿದರೆ ಜಂಪ್‌ನಲ್ಲಿ 20 ನಷ್ಟ, ನಡಿಗೆಯಲ್ಲಿ 40 ಲಾಭ. ಒಟ್ಟು 20 ಲಾಭ. ಎಲ್ಲ ಸಲವೂ ಒದೆದರೆ ಜಂಪ್‌ನಲ್ಲಿ 60 ಲಾಭ, ನಡಿಗೆಯಲ್ಲಿ 40 ನಷ್ಟ. ಮತ್ತೆ 20 ಲಾಭ. ಒಂದೊಂದಾಗಿ ಸೋಲುವ ಎರಡು ದಾರಿಗಳು ಸೇರಿದಾಗ, ಎದುರಾಳಿ ಏನೇ ಮಾಡಿದರೂ ಸರಾಸರಿಯಲ್ಲಿ ಗೆಲ್ಲುತ್ತವೆ. ಇನ್ನೂ ಒಂದು ವಿಶೇಷ: ಹೆಚ್ಚು ಲಾಭ ಕೊಡುವ ಜಂಪನ್ನೇ ಕಡಿಮೆ ಬಳಸಬೇಕು. ಅಪರೂಪವಾಗಿದ್ದಷ್ಟೂ ಅದರ ಬೆಲೆ ಉಳಿಯುತ್ತದೆ.

ದ್ವಿತೀಯ ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ಓದುವವರು ಇದನ್ನು ಈಗಾಗಲೇ ಗುರುತಿಸಿರಬಹುದು. ಆಪರೇಷನ್ಸ್ ರಿಸರ್ಚ್ ಪಾಠದಲ್ಲಿ ಬರುವ ಗೇಮ್ ಥಿಯರಿ ಇದೇ. ಮೇಲಿನ ನಾಲ್ಕು ಅಂಕಗಳನ್ನು ಕೋಷ್ಟಕ ಮಾಡಿ ಮ್ಯಾಕ್ಸಿಮಿನ್, ಮಿನಿಮ್ಯಾಕ್ಸ್ ಕಂಡುಹಿಡಿಯಿರಿ. ಒಂದು −10, ಇನ್ನೊಂದು 10. ಎರಡೂ ಸೇರುವುದಿಲ್ಲ, ಅಂದರೆ ಸ್ಯಾಡಲ್ ಪಾಯಿಂಟ್ ಇಲ್ಲ. ಸ್ಯಾಡಲ್ ಪಾಯಿಂಟ್ ಇಲ್ಲದ ಆಟದಲ್ಲಿ ಒಂದೇ ದಾರಿಗೆ ಅಂಟಿಕೊಳ್ಳುವುದು ತಪ್ಪು, ಬೆರೆಸಿ ಆಡಬೇಕು. ಇಂಥ ಎಲ್ಲ ಆಟಗಳಲ್ಲೂ ಸರಿಯಾದ ಬೆರಕೆ ಒಂದು ಇದ್ದೇ ಇರುತ್ತದೆ ಎಂದು ಜಾನ್ ವಾನ್ ನಾಯ್ಮನ್ 1928ರಲ್ಲೇ ಸಾಧಿಸಿ ತೋರಿಸಿದ್ದಾರೆ.

ಒಂದು ಎಚ್ಚರಿಕೆ. ಬೆರೆಸಬೇಕು ಎಂದ ಕೂಡಲೇ ನಾವು ಒಂದು ಸಲ ಜಂಪ್, ಒಂದು ಸಲ ನಡಿಗೆ ಎಂದು ಸರದಿ ಹಾಕಿಬಿಡುತ್ತೇವೆ. ಸರದಿಯೂ ಒಂದು ಅಭ್ಯಾಸವೇ, ಎದುರಾಳಿ ಅದನ್ನೂ ಕಲಿಯುತ್ತಾನೆ. ಒಮ್ಮೊಮ್ಮೆ ಎರಡು ಸಲ ಸತತವಾಗಿ ಹಾರುವುದೂ ಬೆರಕೆಯ ಭಾಗವೇ.

ಕಬಡ್ಡಿ ಅಂಕಣದಲ್ಲಿ, ಹಾಂಗ್‌ಝೌನಲ್ಲಿ

ಗೇಮ್ ಆಡದವರಿಗೆ ಕಬಡ್ಡಿ ಗೊತ್ತಿದೆ. ರೈಡರ್‌ಗೆ ಇರುವುದು 30 ಸೆಕೆಂಡ್. ಪ್ರತಿ ಸಲವೂ ಬಲಗಾಲಿನಿಂದಲೇ ಬೋನಸ್ ಗೆರೆಗೆ ಹೋಗುವವನ ಪಾದ ಮೂರನೇ ರೈಡ್‌ನಲ್ಲಿ ಕಾರ್ನರ್ ಆಟಗಾರನ ಕೈಯಲ್ಲಿರುತ್ತದೆ. ಬೋನಸ್‌ಗೆ ಕಾಲು ಚಾಚಿದಂತೆ ತೋರಿಸಿ, ಪಾದ ಹಿಡಿಯಲು ಬಾಗಿದವನ ಬೆನ್ನನ್ನು ಕೈಯಿಂದ ಮುಟ್ಟಿ ಬರುವವನು ಒಳ್ಳೆಯ ರೈಡರ್. ಅವನ ಬೋನಸ್ ಪ್ರಯತ್ನ ನಿಜವಾಗಿದ್ದರಿಂದಲೇ ಅವನ ಮೋಸ ನಂಬಿಕೆಗೆ ಬಂತು. ಏನೂ ಮಾಡದೆ ಸುಮ್ಮನೆ ಗೆರೆ ದಾಟಿ ವಾಪಸ್ ಬರುವ ರೈಡ್ ಕೂಡ ವ್ಯರ್ಥವಲ್ಲ. ಯಾರು ಮೊದಲು ಮುಂದೆ ಬರುತ್ತಾರೆ ಎಂದು ಅದರಲ್ಲಿ ನೋಡಿಕೊಳ್ಳಬಹುದು.

ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್‌ಗೆ ಮೊದಲ ಸಲ ಅಧಿಕೃತ ಪದಕ ಕೊಟ್ಟದ್ದು 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ. ಅಲ್ಲಿ ‘ಸ್ಟ್ರೀಟ್ ಫೈಟರ್ 5’ ಕೂಡ ಇತ್ತು. ಭಾರತದಿಂದ ಮಯಾಂಕ್ ಪ್ರಜಾಪತಿ ಮತ್ತು ಅಯಾನ್ ಬಿಸ್ವಾಸ್ ಆಡಿದರು. ಚಿನ್ನ ಗೆದ್ದದ್ದು ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ. ಆಗ ಅವರಿಗೆ 44 ವರ್ಷ. ಫೈನಲ್ 4–3ರವರೆಗೆ ಹೋಯಿತು. ಕೈ ಸ್ಪೀಡ್ ಒಂದೇ ಆಟವನ್ನು ಗೆಲ್ಲಿಸುವಂತಿದ್ದರೆ, ಹದಿಹರೆಯ ದಾಟಿ ಎರಡು ದಶಕಕ್ಕೂ ಹೆಚ್ಚಾದವರ ಕೊರಳಿಗೆ ಆ ಪದಕ ಬೀಳುತ್ತಿರಲಿಲ್ಲ.

ಅಭ್ಯಾಸ ಮಾಡುವುದು ಹೇಗೆ?

ಮೊದಲ ಕೆಲಸ ಎಣಿಸುವುದು. ಪಕ್ಕದಲ್ಲಿ ಕೂತ ಗೆಳೆಯನಿಗೆ ಒಂದು ಹಾಳೆ ಕೊಟ್ಟು, ನೀವು ಎಷ್ಟು ಸಲ ಹಾರಿದಿರಿ, ಎಷ್ಟು ಸಲ ನಡೆದಿರಿ, ಎಷ್ಟು ಸಲ ಸುಮ್ಮನೆ ನಿಂತಿರಿ ಎಂದು ಗೆರೆ ಹಾಕಲು ಹೇಳಿ. ಒಂದೇ ಕಡೆ ಗೆರೆಗಳು ತುಂಬಿದ್ದರೆ ನಿಮ್ಮ ಕಾಯಿಲೆ ಹಾಳೆಯ ಮೇಲೇ ಇದೆ.

ಎರಡನೆಯದು, ಒಂದು ಇಡೀ ಪಂದ್ಯವನ್ನು ಜಂಪ್ ಇಲ್ಲದೆ ಆಡಿ. ಸೋಲಬಹುದು, ಪರವಾಗಿಲ್ಲ. ಇಷ್ಟದ ದಾರಿ ಮುಚ್ಚಿದಾಗಲೇ ಉಳಿದ ನಾಲ್ಕು ದಾರಿಗಳ ಅಳತೆ ಕೈಗೆ ಸಿಗುವುದು.

ಮೂರನೆಯದು, ಏಟು ಬಿದ್ದಾಗ ‘ಅಯ್ಯೋ’ ಎನ್ನುವ ಬದಲು ಒಂದು ಪ್ರಶ್ನೆ ಕೇಳಿ: ಅವನು ನೋಡಿ ಹೊಡೆದನೋ, ಮೊದಲೇ ಊಹಿಸಿ ಹೊಡೆದನೋ? ನೋಡಿ ಹೊಡೆದಿದ್ದರೆ ಅವನ ಗಮನವನ್ನು ಬೇರೆ ಕಡೆಗೆ ಎಳೆಯಬೇಕು. ಊಹಿಸಿದ್ದರೆ ಇನ್ನೂ ಒಳ್ಳೆಯದು. ಊಹಿಸುವವನು ನೀವು ಬರುವ ಮೊದಲೇ ಬಟನ್ ಒತ್ತುತ್ತಾನೆ. ಮುಂದಿನ ಸಲ ಹೋಗದೆ ನಿಂತರೆ ಸಾಕು.

ಇದಕ್ಕೆ ಹೊಸ ಫೋನ್ ಬೇಡ, ದುಬಾರಿ ಕಂಟ್ರೋಲರ್ ಬೇಡ, ದಿನವಿಡೀ ಕೂರುವುದೂ ಬೇಡ. ಗಮನವಿಟ್ಟು ಆಡಿದ ಅರ್ಧ ಗಂಟೆ, ಒಂದು ಹಾಳೆ, ನಿಜ ಹೇಳುವ ಒಬ್ಬ ಗೆಳೆಯ, ಇಷ್ಟು ಸಾಕು. ಹಾಳೆಯ ಮೇಲಿನ ಗೆರೆಗಳು ಐದೂ ಕಡೆ ಹಂಚಿಕೊಳ್ಳತೊಡಗಿದ ದಿನ, ‘ನಿನ್ನ ಕೈ ಸ್ಪೀಡ್ ಜಾಸ್ತಿ’ ಎಂದು ಎದುರಿನವನೇ ಹೇಳುತ್ತಾನೆ.