ಜ್ವರದ ಮನೆತನವನ್ನು ಪತ್ತೆಹಚ್ಚುವ ಬಗೆ



ಕೊಟ್ಟಿಗೆಹಾರದ ಸುತ್ತಿನ ತೋಟಗಳಲ್ಲಿ ಗಂಡ ಜ್ವರದಿಂದ ಮಲಗಿದರೆ ಹೆಂಡತಿಯ ಕೂಲಿಯೂ ನಿಲ್ಲುತ್ತದೆ. ಹೆಂಡತಿ ಮಲಗಿದರೆ ಮನೆಯ ಒಲೆಯೇ ಹೊತ್ತುವುದಿಲ್ಲ. ಆದರೂ ರಕ್ತಪರೀಕ್ಷೆಗೆ ಅನೇಕರು ಹಿಂಜರಿಯುತ್ತಾರೆ. “ರಕ್ತ ತೆಗೆದು ಏನು ಮಾಡುತ್ತೀರಿ ಡಾಕ್ಟರೇ?” ಎಂದು ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು. ಸುತ್ತಲಿನ ಹಳ್ಳಿಗಳ ಜನರಿಗೂ ಜ್ವರ ತಗುಲಿತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ಪರೀಕ್ಷೆಯಿಂದ, ಇದು ಉಣುಗುಗಳು ಹರಡುವ ಹೊಸ ವೈರಾಣುವೆಂದೂ ರಷ್ಯದ ಒಂದು ಮಿದುಳುಜ್ವರದ ವೈರಾಣುವಿಗೆ ಬಂಧುವೆಂದೂ ತಿಳಿಯಿತು. ಇದೇ ಮಂಗನ ಕಾಯಿಲೆ. ನಮ್ಮ ಜಿಲ್ಲೆಯಲ್ಲಿಯೂ ಇದು ಕಾಣಿಸಿಕೊಂಡಿದೆ.

ಅಂದು ಈ ಬಂಧುತ್ವವನ್ನು ಗುರುತಿಸಿದ್ದು ರಕ್ತದಲ್ಲಿನ ಪ್ರತಿಕಾಯಗಳ ಸಹಾಯದಿಂದ. ಡೆಂಗ್ಯೂ ವೈರಾಣುವೂ ಇದೇ ಮನೆತನದ್ದು. ಆದುದರಿಂದ ಪ್ರತಿಕಾಯಗಳನ್ನಷ್ಟೇ ನೋಡಿದರೆ ಒಂದನ್ನು ಮತ್ತೊಂದೆಂದು ತಿಳಿಯುವ ಸಂಭವವುಂಟು. ಇಂದು ವೈರಾಣುವಿನ ವಂಶಲಿಪಿಯನ್ನೇ ಓದಲು ಸಾಧ್ಯವಾಗಿದೆ. ಮಂಗನ ಕಾಯಿಲೆಯ ವೈರಾಣುವಿನಲ್ಲಿ ಇದು ನಾಲ್ಕೇ ಬಗೆಯ ಅಕ್ಷರಗಳಿಂದಾದ, ಸುಮಾರು 11 ಸಾವಿರ ಅಕ್ಷರಗಳಷ್ಟು ಉದ್ದದ ಬರಹ.

ಜಮೀನಿನ ಪತ್ರವೊಂದನ್ನು ಕೈಯಿಂದ ನಕಲು ಮಾಡುವಾಗ ಒಂದು ಅಕ್ಷರ ತಪ್ಪಿತೆನ್ನಿ. ಆ ನಕಲಿನಿಂದ ಮಾಡಿದ ಎಲ್ಲ ನಕಲುಗಳಲ್ಲಿಯೂ ಅದೇ ತಪ್ಪು ಉಳಿಯುತ್ತದೆ. ಒಂದೇ ತಪ್ಪುಗಳಿರುವ ಪತ್ರಗಳು ಒಂದೇ ಮೂಲದವು ಎಂದು ಹಿಂದಿನ ಕಾಲದ ಶಾನುಭೋಗರು ಸುಲಭವಾಗಿ ಹೇಳಬಲ್ಲವರಾಗಿದ್ದರು. ವೈರಾಣು ತನ್ನನ್ನು ನಕಲು ಮಾಡಿಕೊಳ್ಳುವಾಗಲೂ ಹೀಗೆಯೇ ತಪ್ಪುಗಳಾಗುತ್ತವೆ. ಗಣಕಯಂತ್ರದ ತಂತ್ರಾಂಶವು ಹೊಸ ಬರಹವನ್ನು ಹಿಂದೆ ಸಂಗ್ರಹಿಸಿದ ಬರಹಗಳ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ, ವ್ಯತ್ಯಾಸಗಳನ್ನು ಎಣಿಸಿ, ವಂಶವೃಕ್ಷವನ್ನು ರಚಿಸುತ್ತದೆ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ದೊರೆತ ಅಲ್‌ಖುರ್ಮಾ ವೈರಾಣು ನಮ್ಮ ಕ್ಯಾಸನೂರಿನ ವೈರಾಣುವಿನ ಹತ್ತಿರದ ದಾಯಾದಿಯೆಂದು ತೋರಿಸಿದ್ದು ಇಂತಹ ಹೋಲಿಕೆಯೇ. ಡೆಂಗ್ಯೂವಿನ ನಾಲ್ಕು ಬಗೆಗಳನ್ನೂ ಹೀಗೆ ಬೇರ್ಪಡಿಸಬಹುದು. ಒಂದು ಬಗೆಯ ಡೆಂಗ್ಯೂ ಬಂದು ಹೋದವರಿಗೆ ಮತ್ತೊಂದು ಬಗೆ ತಗುಲಿದರೆ ಕಾಯಿಲೆ ಉಲ್ಬಣಿಸುವ ಭಯ ಹೆಚ್ಚು. ಯಾವ ಬಗೆ ಎಲ್ಲಿ ಹರಡುತ್ತಿದೆ ಎಂಬುದನ್ನು ಅರಿಯುವುದು ಇದಕ್ಕಾಗಿಯೇ.

ಆದರೆ ಬರಹವಿಲ್ಲದೆ ಯಂತ್ರ ಏನನ್ನೂ ಓದಲಾರದು. ವೈರಾಣು ರಕ್ತದಲ್ಲಿ ಚೆನ್ನಾಗಿ ಸಿಗುವುದು ಜ್ವರದ ಮೊದಲ ಕೆಲವು ದಿನಗಳಲ್ಲಿ ಮಾತ್ರ. ಹತ್ತು ದಿನ ಕಷಾಯ ಕುಡಿದು ನಂತರ ಬಂದರೆ ಆ ಅವಕಾಶ ಕೈತಪ್ಪಬಹುದು. ನಿಮ್ಮ ಚಿಕಿತ್ಸೆ ಮಾತ್ರ ಈ ವಂಶಾವಳಿಗಾಗಿ ಕಾಯುವುದಿಲ್ಲ. ಅದು ಕೂಡಲೇ ಆರಂಭವಾಗುತ್ತದೆ.

ಆದುದರಿಂದ ಸೌದೆಗೋ ಸೊಪ್ಪಿಗೋ ಕಾಡಿಗೆ ಹೋಗಿ ಬಂದವರಿಗೆ ಜ್ವರ, ತಲೆನೋವು, ಮೈಕೈ ನೋವು ಕಂಡರೆ ತಡಮಾಡಬೇಡಿ. ಆಸ್ಪಿರಿನ್ ಮಾತ್ರೆ ನುಂಗಬೇಡಿ. ರಕ್ತಸ್ರಾವಕ್ಕೆ ಅದು ಎಡೆಗೊಡಬಹುದು. ಮಂಗ ಸತ್ತುಬಿದ್ದಿದ್ದರೆ ಮುಟ್ಟದೆ ಆರೋಗ್ಯ ಸಿಬ್ಬಂದಿಗೆ ತಿಳಿಸಿ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ರೋಗಿಯನ್ನು ದೂರವಿಡಬೇಕಾಗಿಲ್ಲ. ಗಂಡನಿಗೆ ಜ್ವರ ಬಂದರೆ ಹೆಂಡತಿ, ಹೆಂಡತಿಗೆ ಬಂದರೆ ಗಂಡ, ಜೊತೆಗೂಡಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ. ನೀವು ಕೊಡುವ ಸ್ವಲ್ಪ ರಕ್ತ ನಿಮ್ಮ ಸಂಸಾರವನ್ನೂ ನೆರೆಯವರ ಸಂಸಾರವನ್ನೂ ಕಾಯಬಲ್ಲದು.